ಬಿಚ್ಚಿದ್ದು ಎರಡು ದಿನ, ಜೋಡಿಸಿದ್ದು ಒಂದೂವರೆ ತಿಂಗಳು

ಆಯುಧಪೂಜೆಯ ದಿನ ತುಮಕೂರಿನ ಗಾಡಿಗಳೆಲ್ಲ ಮೈ ತೊಳೆಸಿಕೊಂಡು, ಹಾರ ಹಾಕಿಸಿಕೊಂಡು, ನಿಂಬೆಹಣ್ಣು ತುಳಿಯಲು ಸಾಲಾಗಿ ನಿಂತಿದ್ದವು. ಮರಳೂರು ದಿಣ್ಣೆಯ ಸುತ್ತಮುತ್ತ ಆ ಹಾರಗಳಲ್ಲಿ ಎಷ್ಟೋ ನಮ್ಮ ಚಿಕ್ಕಮ್ಮ ಕಟ್ಟಿದವು. ಆದರೆ ಚಿಕ್ಕಮ್ಮನ ಗಾಡಿಗೇ ಆ ವರ್ಷ ಪೂಜೆ ಇರಲಿಲ್ಲ. ಅದು ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಮೂರು ಟೇಬಲ್‌ಗಳ ಮೇಲೆ, ಆರು ಮೊಟ್ಟೆ ಟ್ರೇಗಳಲ್ಲಿ ಹರಡಿಕೊಂಡು ಬಿದ್ದಿತ್ತು. ಬಿಚ್ಚಿ ಹಾಕಿದವರು ನಾವು ನಾಲ್ಕು ಜನ.

‘ಹಬ್ಬದ ಹೊತ್ತಿಗೆ ಕೊಡ್ತೀನಿ ಅಂದಿದ್ದೆ ಅಲ್ವೇನೋ?’ ಎಂದು ಚಿಕ್ಕಮ್ಮ ಫೋನಿನಲ್ಲಿ ಕೇಳಿದರು. ಬೈಗುಳ ಇರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ವರ್ಷದಲ್ಲಿ ಅತಿ ಹೆಚ್ಚು ಹೂ ಮಾರುವ ವಾರದಲ್ಲಿ ಅವರು ಅಂತರಸನಹಳ್ಳಿ ಮಾರುಕಟ್ಟೆಯಿಂದ ಆಟೊದಲ್ಲಿ ಹೂ ತಂದು, ನಡೆದುಕೊಂಡು ಅಂಗಡಿ ಅಂಗಡಿಗೆ ಹಂಚುತ್ತಿದ್ದರು.

ನಮ್ಮ ಪ್ರಾಜೆಕ್ಟ್ ಶುರುವಾದ ರೀತಿಯನ್ನು ಪ್ರಾಮಾಣಿಕವಾಗಿಯೇ ಹೇಳಿಬಿಡುತ್ತೇನೆ. ಕೊನೆಯ ವರ್ಷದ ಪ್ರಾಜೆಕ್ಟ್ ಎಂದರೆ ನಮ್ಮಲ್ಲಿ ಅನೇಕರಿಗೆ ಗೊತ್ತಿರುವ ದಾರಿ ಒಂದೇ: ಬೆಂಗಳೂರಿಗೆ ಹೋಗಿ, ದುಡ್ಡು ಕೊಟ್ಟು, ರೆಡಿಮೇಡ್ ಮಾಡೆಲ್ ಮತ್ತು ರಿಪೋರ್ಟ್ ತಂದು, ಹೊರಗಿನ ಪರೀಕ್ಷಕರು ಬರುವ ಹಿಂದಿನ ರಾತ್ರಿ ಅದನ್ನು ಬಾಯಿಪಾಠ ಮಾಡುವುದು. ನಾವೂ ತಲೆಗೆ ನಾಲ್ಕು ಸಾವಿರ ಲೆಕ್ಕ ಹಾಕಿದ್ದೆವು. ನನ್ನ ಪಾಲಿನ ದುಡ್ಡು ಕೇಳಲು ಚಿಕ್ಕಮ್ಮನ ಮನೆಗೆ ಹೋದಾಗ ಅಂಗಳದಲ್ಲಿ ಪ್ಲಾಸ್ಟಿಕ್ ಹೊದಿಸಿಕೊಂಡು ಅವರ ಎಲೆಕ್ಟ್ರಿಕ್ ಸ್ಕೂಟರ್ ನಿಂತಿತ್ತು.

‘ಬ್ಯಾಟರಿ ಹೋಗಿದೆಯಂತೆ. ಇಪ್ಪತ್ತೇಳು ಸಾವಿರ ಹೇಳಿದ್ರು. ಅಷ್ಟು ದುಡ್ಡು ಎಲ್ಲಿಂದ ತರ್ಲಪ್ಪ?’ ಎಂದರು ಚಿಕ್ಕಮ್ಮ. ಗಾಡಿ ಮಾರಿದ ಅಂಗಡಿ ಬಾಗಿಲು ಹಾಕಿತ್ತು. ಕಂಪನಿಯ ನಂಬರಿಗೆ ಕರೆ ಹೋಗುತ್ತಿರಲಿಲ್ಲ. ನಾನು ಕೇಳಲು ಹೋದದ್ದು ನಾಲ್ಕು ಸಾವಿರ. ಕೇಳಿ ಬಂದದ್ದು ಸ್ಕೂಟರ್. ‘ಬಿಚ್ಚೋದಾದ್ರೆ ಬಿಚ್ಚಿ. ಹಬ್ಬಕ್ಕೆ ಓಡೋ ಹಂಗೆ ಮಾತ್ರ ತಂದ್ಕೊಡಿ’ ಎಂದು ಕೀ ಕೊಟ್ಟರು. ಆಗಷ್ಟೇ ಗೌರಿ ಗಣೇಶ ಮುಗಿದಿತ್ತು.

ಅದು ಕಡಿಮೆ ವೇಗದ ಗಾಡಿ. ಮೋಟರ್ ಶಕ್ತಿ 250 ವಾಟ್‌ನೊಳಗೆ, ವೇಗ ಗಂಟೆಗೆ 25 ಕಿಲೊಮೀಟರ್‌ನೊಳಗೆ ಇದ್ದರೆ ನೋಂದಣಿ ಬೇಡ, ಲೈಸೆನ್ಸೂ ಬೇಡ. ಲೈಸೆನ್ಸ್ ಇಲ್ಲದ ಚಿಕ್ಕಮ್ಮನಂಥವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೇನು? ಒಮ್ಮೆ ಪೂರ್ತಿ ಚಾರ್ಜ್ ಮಾಡಿದರೆ ಸುಮಾರು ಐವತ್ತು ಕಿಲೊಮೀಟರ್ ಓಡುತ್ತಿತ್ತು. ನಸುಕಿನಲ್ಲಿ ಮಾರುಕಟ್ಟೆಗೆ ಹೋಗಿ ಬಂದು, ಬೆಳಿಗ್ಗೆ ಹತ್ತು ಗಂಟೆಯೊಳಗೆ ಎಲ್ಲ ಅಂಗಡಿ, ಗುಡಿಗಳಿಗೂ ಹೂ ಮುಟ್ಟಿಸುತ್ತಿದ್ದರು.

ಮೊಟ್ಟೆ ಟ್ರೇಯ ಪಾಠ

ತಂಡದಲ್ಲಿ ನಾನು ಮೆಕ್ಯಾನಿಕಲ್. ಗುಬ್ಬಿಯಿಂದ ದಿನಾ ಓಡಾಡುವ ಗೆಳೆಯ ಎಲೆಕ್ಟ್ರಾನಿಕ್ಸ್. ಕುಣಿಗಲ್‌ನ ಗೆಳತಿ ಎಲೆಕ್ಟ್ರಿಕಲ್. ಇನ್ನೊಬ್ಬ ಹಾಸ್ಟೆಲ್ ಹುಡುಗ, ಅವನೂ ಮೆಕ್ಯಾನಿಕಲ್. ಗಾಡಿಯನ್ನು ಪೂರ್ತಿ ಬಿಚ್ಚಿ, ಪ್ರತಿ ಭಾಗವನ್ನೂ ತೂಗಿ, ಅದರ ಕೆಲಸವೇನೆಂದು ಬರೆದು, ಕೆಟ್ಟದ್ದನ್ನು ಹುಡುಕಿ, ಮತ್ತೆ ಜೋಡಿಸುವುದು ಪ್ರಾಜೆಕ್ಟ್. ಕೇಳಿದ ಗೈಡ್ ಮೇಡಂ ಮೊದಲು ಹೇಳಿದ್ದು, ‘ಬಿಚ್ಚೋದು ಪ್ರಾಜೆಕ್ಟ್ ಅಲ್ಲ, ಜೋಡಿಸೋದು ಪ್ರಾಜೆಕ್ಟ್.’ ಅದು ನಮಗೆ ಅರ್ಥವಾದದ್ದು ಬಹಳ ತಡವಾಗಿ.

ನಮ್ಮ ಲ್ಯಾಬ್ ಇನ್‌ಸ್ಟ್ರಕ್ಟರ್ ಅಣ್ಣನ ತಂದೆ ತುಮಕೂರಿನ ಎಚ್ಎಂಟಿ ವಾಚ್ ಕಾರ್ಖಾನೆಯಲ್ಲಿದ್ದವರು. 2016ರಲ್ಲಿ ಮುಚ್ಚಿದ ಆ ಕಾರ್ಖಾನೆ ನಮ್ಮ ಪೀಳಿಗೆಗೆ ಒಂದು ಕತೆ ಮಾತ್ರ. ‘ನಮ್ಮಪ್ಪ ವಾಚ್ ಬಿಚ್ಚಿದ್ರೆ ಬಿಳಿ ಬಟ್ಟೆ ಹಾಸಿ, ತೆಗೆದ ಕ್ರಮದಲ್ಲೇ ಸಾಲಾಗಿ ಇಡೋರು. ಜೋಡಿಸೋವಾಗ ಕೊನೆಯಿಂದ ಬಂದ್ರೆ ಆಯ್ತು’ ಎಂದು ಹೇಳಿ ಅಣ್ಣ ಅಂಗಡಿಯಿಂದ ಖಾಲಿ ಮೊಟ್ಟೆ ಟ್ರೇ ತಂದುಕೊಟ್ಟರು. ಒಂದೊಂದು ಗುಳಿಗೆ ಒಂದೊಂದು ಜಾಗದ ನಟ್ಟು ಬೋಲ್ಟು.

ಮೊದಲ ಎರಡು ದಿನ ಹಬ್ಬದಂತೆ ಕಳೆದವು. ಮುಂದಿನ ಫೈಬರ್ ಕವಚ, ಕಾಲಿಡುವ ಹಲಗೆ, ಸೀಟು, ಹಿಂದಿನ ಚಕ್ರ, ಎಲ್ಲವೂ ಒಂದರ ಹಿಂದೆ ಒಂದು ಕಳಚಿಕೊಂಡವು. ಪೆಟ್ರೋಲ್ ಗಾಡಿಯ ಎಂಜಿನ್ ಬಿಚ್ಚಿ ಅಭ್ಯಾಸವಿದ್ದ ನನಗೆ ಆಶ್ಚರ್ಯವಾದದ್ದು ಇದರಲ್ಲಿ ಏನೇನಿಲ್ಲ ಎಂಬುದು. ಪಿಸ್ಟನ್ ಇಲ್ಲ, ಗೇರ್ ಇಲ್ಲ, ಚೈನ್ ಇಲ್ಲ. ಮೋಟರ್ ಹಿಂದಿನ ಚಕ್ರದ ಗುಂಬದೊಳಗೇ ಕೂತಿದೆ. ಆಕ್ಸಿಲರೇಟರ್ ತಿರುವಿದರೆ ಯಾವ ಕೇಬಲ್ಲೂ ಎಳೆಯುವುದಿಲ್ಲ. ಹಿಡಿಕೆಯೊಳಗಿನ ಸಣ್ಣ ಆಯಸ್ಕಾಂತವೊಂದು ಸೆನ್ಸರ್ ಎದುರು ಜರುಗುತ್ತದೆ, ಸೆನ್ಸರ್ ಕೊಡುವ ವೋಲ್ಟೇಜ್ ಸುಮಾರು 1ರಿಂದ 4 ವೋಲ್ಟ್‌ವರೆಗೆ ಏರುತ್ತದೆ. ಅದನ್ನು ನೋಡಿ ಕಂಟ್ರೋಲರ್ ಮೋಟರ್‌ಗೆ ಎಷ್ಟು ಕರೆಂಟ್ ಬಿಡಬೇಕೆಂದು ತೀರ್ಮಾನಿಸುತ್ತದೆ. ಬ್ರೇಕ್ ಹಿಡಿದರೆ ಲಿವರ್‌ನಲ್ಲಿರುವ ಸ್ವಿಚ್ ಮೊದಲು ಮೋಟರ್‌ಗೆ ಹೋಗುವ ಕರೆಂಟನ್ನೇ ನಿಲ್ಲಿಸುತ್ತದೆ.

ಮೋಟರ್ ಬಿಚ್ಚುವಾಗ ಹಾಸ್ಟೆಲ್ ಹುಡುಗನ ಬೆರಳು ಸಿಕ್ಕಿಕೊಂಡಿತು. ಒಳಗಿನ ಆಯಸ್ಕಾಂತಗಳ ಸೆಳೆತ ಅಷ್ಟಿತ್ತು. ಗುಬ್ಬಿ ಗೇಟಿನಲ್ಲಿ ಗ್ಯಾರೇಜ್ ಇಟ್ಟಿರುವ, ಐಟಿಐ ಓದಿದ ಮೆಕ್ಯಾನಿಕ್ ಅಣ್ಣನೊಬ್ಬ ಪುಲ್ಲರ್ ತಂದು ಎಳೆದುಕೊಟ್ಟ ಮೇಲೆ ಎಣಿಸಿದೆವು: ತಾಮ್ರದ ಸುರುಳಿ ಸುತ್ತಿದ ಹಲ್ಲುಗಳು 51, ಸುತ್ತಲಿನ ಆಯಸ್ಕಾಂತಗಳು 46. ಎರಡೂ ಸಮ ಇದ್ದರೆ ಎಲ್ಲ ಹಲ್ಲುಗಳೂ ಒಟ್ಟಿಗೆ ಆಯಸ್ಕಾಂತಗಳಿಗೆ ಅಂಟಿಕೊಂಡು ಚಕ್ರ ತಡೆದು ತಡೆದು ತಿರುಗುತ್ತದೆ. ಸಂಖ್ಯೆ ಬೇರೆಯಾದರೆ ಸೆಳೆತ ಹಂಚಿಹೋಗಿ ನುಣ್ಣಗೆ ತಿರುಗುತ್ತದೆ. ಪುಸ್ತಕದಲ್ಲಿ ಅರ್ಧ ಪುಟವಿದ್ದ ಈ ವಿಷಯ ಕೈಯಲ್ಲಿ ಚಕ್ರ ತಿರುಗಿಸಿದಾಗ ಅರ್ಧ ನಿಮಿಷದಲ್ಲಿ ತಿಳಿಯಿತು.

ಪುಸ್ತಕದಲ್ಲಿ ಇಲ್ಲದ್ದೂ ಸಿಕ್ಕಿತು. ಹಿಂದಿನ ಅಚ್ಚಿನ ಸುತ್ತ ಹಗ್ಗದಂತೆ ಬಿಗಿದುಕೊಂಡ ಬಾಳೆ ನಾರು. ಕಾಲಿಡುವ ಹಲಗೆಯ ಕೆಳಗೆ ಒಣಗಿದ ಚೆಂಡು ಹೂವಿನ ಎಸಳು, ಒಂದು ಹೂ ಕಟ್ಟುವ ದಾರದ ಉಂಡೆ, ಎರಡು ರೂಪಾಯಿಯ ಮೂರು ನಾಣ್ಯ. ಕುಣಿಗಲ್ ಗೆಳತಿ ಅವನ್ನೂ ಪಟ್ಟಿಯಲ್ಲಿ ಬರೆದಳು. ನಾವು ನಕ್ಕೆವು. ಉತ್ತರ ಅಲ್ಲೇ ಇತ್ತೆಂದು ಆಗ ಯಾರಿಗೂ ಹೊಳೆಯಲಿಲ್ಲ.

ಸೆಲ್‌ಗೆ ಕಾಯಿಲೆ ಇಲ್ಲ

ಬ್ಯಾಟರಿ ಪೆಟ್ಟಿಗೆ ತೆರೆಯಲು ಮೇಡಂ ಕಟ್ಟುನಿಟ್ಟಿನ ನಿಯಮ ಹಾಕಿದರು. ಉಂಗುರ, ವಾಚು, ಬಳೆ ಕೈಯಲ್ಲಿರಬಾರದು. ಸ್ಪ್ಯಾನರ್‌ನ ಹಿಡಿಗೆಲ್ಲ ಇನ್ಸುಲೇಷನ್ ಟೇಪ್. ಪಕ್ಕದಲ್ಲಿ ಮರಳಿನ ಬಕೆಟ್. ಮೇಡಂ ಇಲ್ಲದಾಗ ಮುಚ್ಚಳ ತೆಗೆಯುವಂತಿಲ್ಲ. 2022ರಲ್ಲಿ ದೇಶದ ಹಲವೆಡೆ ಎಲೆಕ್ಟ್ರಿಕ್ ಸ್ಕೂಟರ್‌ಗಳಿಗೆ ಬೆಂಕಿ ಬಿದ್ದದ್ದು, ಆಮೇಲೆ ಕೇಂದ್ರ ಸರ್ಕಾರ ಎಐಎಸ್ 156 ಎಂಬ ಬ್ಯಾಟರಿ ಸುರಕ್ಷತಾ ಮಾನದಂಡವನ್ನು ಬಿಗಿಗೊಳಿಸಿ 2022ರ ಡಿಸೆಂಬರ್ ಮತ್ತು 2023ರ ಮಾರ್ಚ್‌ನಲ್ಲಿ ಎರಡು ಹಂತವಾಗಿ ಜಾರಿ ಮಾಡಿದ್ದು ನಮಗೆ ನೆನಪಿತ್ತು. ಭಯವೂ ಇತ್ತು.

ಒಳಗೆ ಲಿಥಿಯಂ ಐರನ್ ಫಾಸ್ಫೇಟ್‌ನ 16 ಸೆಲ್‌ಗಳು ಸರಣಿಯಲ್ಲಿದ್ದವು. ಒಂದೊಂದರದು 3.2 ವೋಲ್ಟ್, ಒಟ್ಟು 51.2 ವೋಲ್ಟ್. 24 ಆಂಪಿಯರ್ ಅವರ್ ಎಂದು ಬರೆದಿತ್ತು. ಗುಣಿಸಿದರೆ ಪೂರ್ತಿ ತುಂಬಿದಾಗ ಸುಮಾರು ಒಂದೂಕಾಲು ಯೂನಿಟ್ ವಿದ್ಯುತ್. ಐವತ್ತು ಕಿಲೊಮೀಟರ್ ಓಡಲು ಅಷ್ಟೇ ಸಾಕು!

ಅಳೆಯುತ್ತ ಹೋದೆವು. ಬ್ಯಾಟರಿಯ ಹೊರಗಿನ ಕನೆಕ್ಟರ್‌ನಲ್ಲಿ ಮೂರು ವೋಲ್ಟೂ ಇಲ್ಲ. ಅಂಗಡಿಯವರು ‘ಹೋಗಿದೆ’ ಎಂದದ್ದು ಇದನ್ನು ನೋಡಿಯೇ ಇರಬೇಕು. ಆದರೆ ಒಳಗೆ ಒಂದೊಂದೇ ಸೆಲ್ ಅಳೆದರೆ 3.29, 3.29, 3.28, 3.29... ಹದಿನಾರೂ ಆರೋಗ್ಯವಾಗಿವೆ. ಹಾಗಾದರೆ ಕರೆಂಟ್ ಹೊರಗೆ ಬರದಂತೆ ತಡೆದಿರುವುದು ಬಿಎಂಎಸ್, ಅಂದರೆ ಪ್ರತಿ ಸೆಲ್‌ನ ಮೇಲೂ ಕಣ್ಣಿಟ್ಟು, ಏನಾದರೂ ಏರುಪೇರಾದರೆ ಬ್ಯಾಟರಿಯನ್ನು ಬಂದ್ ಮಾಡುವ ಸರ್ಕ್ಯೂಟ್. ಅದೇ ಕೆಟ್ಟಿದೆ ಎಂದುಕೊಂಡೆವು. ಅಷ್ಟರಲ್ಲಿ ಇಂಟರ್ನಲ್ಸ್ ಬಂದು ಎರಡು ವಾರ ಹೋಯಿತು.

ಆಯುಧಪೂಜೆಗೆ ಇನ್ನು ನಾಲ್ಕು ದಿನ. ಗುಬ್ಬಿ ಗೆಳೆಯ ಮೆಲ್ಲಗೆ ಹೇಳಿದ, ‘ಬಿಎಂಎಸ್ ಬೈಪಾಸ್ ಮಾಡ್ಬಿಡೋಣ ಕಣೋ. ಎರಡು ವೈರ್ ನೇರ ಹಾಕಿದ್ರೆ ಗಾಡಿ ಓಡುತ್ತೆ. ಹಬ್ಬ ಮುಗೀಲಿ, ಆಮೇಲೆ ನೋಡೋಣ.’

ನಿಜ, ಓಡುತ್ತಿತ್ತು. ಚಿಕ್ಕಮ್ಮನ ಹಬ್ಬದ ವ್ಯಾಪಾರವೂ ಉಳಿಯುತ್ತಿತ್ತು. ನಾನು ಆಗಲೇ ಒಪ್ಪಿಬಿಟ್ಟಿದ್ದೆ ಕೂಡ. ತಡೆದದ್ದು ಕುಣಿಗಲ್ ಗೆಳತಿ. ‘ನಿಮ್ಮ ಚಿಕ್ಕಮ್ಮ ಇದನ್ನ ರಾತ್ರಿ ಎಲ್ಲಿ ಚಾರ್ಜಿಗೆ ಹಾಕ್ತಾರೆ?’ ಎಂದು ಕೇಳಿದಳು. ನಡುಮನೆಯಲ್ಲಿ. ಮಕ್ಕಳು ಮಲಗುವ ಕಡೆ. ಕಾವಲೇ ಇಲ್ಲದ ಬ್ಯಾಟರಿ ಮಿತಿ ಮೀರಿ ಚಾರ್ಜ್ ಆದರೆ ಏನಾದೀತೆಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಚಿಕ್ಕಮ್ಮನಿಗೆ ಫೋನ್ ಮಾಡಿ ‘ಹಬ್ಬಕ್ಕೆ ಆಗಲ್ಲ’ ಎಂದೆ. ನಮ್ಮ ತಡದಿಂದ ಅವರ ದುಡಿಮೆಗೆ ಬಿದ್ದ ಪೆಟ್ಟು ಎಷ್ಟೆಂದು ಅವರು ಇವತ್ತಿಗೂ ಹೇಳಿಲ್ಲ.

ಆಯುಧಪೂಜೆಯ ದಿನ ಲ್ಯಾಬಿನ ಲೇತ್, ಡ್ರಿಲ್ಲಿಂಗ್ ಮಷಿನ್‌ಗಳ ಜತೆ ಮೊಟ್ಟೆ ಟ್ರೇಗಳಿಗೂ ಕುಂಕುಮ ಬಿತ್ತು. ಮಂಗಳಾರತಿ ಮುಗಿಸಿ, ಕಡಲೆಪುರಿ ಹಂಚುತ್ತ ಇನ್‌ಸ್ಟ್ರಕ್ಟರ್ ಅಣ್ಣ ಕೇಳಿದರು: ‘ನೀವು ಸೆಲ್ ಹತ್ರ ಅಳೆದ್ರಿ. ಬಿಎಂಎಸ್‌ಗೆ ಏನು ಕಾಣ್ತಿದೆ ಅಂತ ನೋಡಿದ್ರಾ?’

ನೋಡಿರಲಿಲ್ಲ. ಪ್ರತಿ ಸೆಲ್‌ನ ಸುದ್ದಿಯನ್ನು ಬಿಎಂಎಸ್‌ಗೆ ಒಯ್ಯಲು 17 ಸಣ್ಣ ತಂತಿಗಳಿರುತ್ತವೆ. ರಜೆ ಮುಗಿದ ಮೇಲೆ ಮೇಡಂ ಎದುರಿನಲ್ಲಿ ಆ ತಂತಿಗಳ ಇನ್ನೊಂದು ತುದಿಯಲ್ಲಿ ಅಳೆದೆವು. ಆರನೆಯ ಸೆಲ್‌ವರೆಗೆ 3.29. ಏಳನೆಯದು 1.90! ಎಂಟನೆಯದು 4.68! ಒಂಬತ್ತರಿಂದ ಮತ್ತೆ 3.29. ಒಂದು ಸೆಲ್ ಸತ್ತಿದೆ, ಇನ್ನೊಂದು ಉಬ್ಬಿದೆ ಎಂದು ನಾವು ಗಾಬರಿಯಾದೆವು. ಗೆಳತಿ ಮಾತ್ರ ನೋಟ್‌ಬುಕ್ಕಿನಲ್ಲಿ ಎರಡನ್ನೂ ಕೂಡಿದಳು: 6.58. ಅದನ್ನು ಎರಡರಿಂದ ಭಾಗಿಸಿದಳು: 3.29.

‘ಸೆಲ್‌ಗೆ ಕಾಯಿಲೆ ಇಲ್ಲ. ಇವೆರಡರ ನಡುವಿನ ಸುದ್ದಿ ಹೇಳೋ ತಂತಿಗೆ ಕಾಯಿಲೆ’ ಎಂದಳು.

ಆ ತಂತಿಯ ತುದಿಯಲ್ಲಿದ್ದ ಲಗ್ ಹಸಿರು ಕಿಲುಬು ಹಿಡಿದು, ಮುಟ್ಟಿದರೆ ಉದುರುವಂತಿತ್ತು. ಕಿಲುಬು ಬರಬೇಕಾದರೆ ನೀರು ಬೇಕು. ಪೆಟ್ಟಿಗೆಯೊಳಗೆ ನೀರು ಎಲ್ಲಿಂದ ಬಂತು? ಆಗ ನೆನಪಾದದ್ದು ಪಟ್ಟಿಯಲ್ಲಿದ್ದ ಚೆಂಡು ಹೂವಿನ ಎಸಳು. ಚಿಕ್ಕಮ್ಮ ಹೂ ಬಾಡದಿರಲೆಂದು ನೀರು ಚಿಮುಕಿಸಿ, ಒದ್ದೆ ಗೋಣಿ ಹೊದಿಸಿ, ಪುಟ್ಟಿಯನ್ನು ಕಾಲಿಡುವ ಹಲಗೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು. ಹಲಗೆಯ ಕೆಳಗೆ ಬ್ಯಾಟರಿ. ವೈರ್ ಒಳಹೋಗುವ ತೂತಿನ ರಬ್ಬರ್ ಸೀಳಿತ್ತು. ದಿನಾ ಬೆಳಿಗ್ಗೆ ತೊಟ್ಟು ತೊಟ್ಟಾಗಿ ನೀರು ಅಲ್ಲಿಗೇ ಇಳಿದಿದೆ. ಮಳೆಯನ್ನು ಲೆಕ್ಕಕ್ಕೆ ತೆಗೆದುಕೊಂಡು ಗಾಡಿ ಮಾಡಿದವರಿಗೆ ಒದ್ದೆ ಹೂವಿನ ಪುಟ್ಟಿ ಹೊಳೆದಿರಲಿಲ್ಲ. ನಮಗೂ ಹೊಳೆದಿರಲಿಲ್ಲ.

ಹೊಸ ಲಗ್ ಹಾಕಿ ತಂತಿ ಬಿಗಿದೆವು. ಚಾರ್ಜರ್ ಒಮ್ಮೆ ಕೊಟ್ಟ ಕೂಡಲೇ ಬಿಎಂಎಸ್ ಎಚ್ಚರವಾಯಿತು. ಕನೆಕ್ಟರ್‌ನಲ್ಲಿ 52.6 ವೋಲ್ಟ್. ಇಪ್ಪತ್ತೇಳು ಸಾವಿರದ ರೋಗಕ್ಕೆ ಕೆಲವೇ ರೂಪಾಯಿಯ ಮದ್ದು.

ಮೂವತ್ತಾರು ದಾರಿ

ಇನ್ನೇನು ಮುಗಿಯಿತು ಅಂದುಕೊಂಡೆವು. ಎಲ್ಲ ಜೋಡಿಸಿ, ಹಿಂದಿನ ಚಕ್ರ ಎತ್ತಿ ನಿಲ್ಲಿಸಿ, ಆಕ್ಸಿಲರೇಟರ್ ತಿರುವಿದರೆ ಚಕ್ರ ತಿರುಗುವ ಬದಲು ಗುರ್ರೆಂದು ನಡುಗಿತು.

ಈ ತಪ್ಪು ಪೂರ್ತಿ ನನ್ನದು. ಮೋಟರ್‌ನಿಂದ ಮೂರು ದಪ್ಪ ತಂತಿ ಮತ್ತು ಚಕ್ರದ ಸ್ಥಾನ ತಿಳಿಸುವ ಹಾಲ್ ಸೆನ್ಸರ್‌ಗಳ ಮೂರು ಸಣ್ಣ ತಂತಿ ಕಂಟ್ರೋಲರ್‌ಗೆ ಹೋಗುತ್ತವೆ. ಬಿಚ್ಚುವಾಗ ಪೇಪರ್ ಟೇಪ್ ಸುತ್ತಿ ನಂಬರ್ ಬರೆದಿದ್ದೆ. ಸೀಮೆಎಣ್ಣೆಯಲ್ಲಿ ಮೋಟರ್ ತೊಳೆದಾಗ ಟೇಪ್‌ಗಳೆಲ್ಲ ಉದುರಿಹೋದವು. ಮೊಬೈಲಿನಲ್ಲಿ ತೆಗೆದ ಫೋಟೊ ಮಸುಕು. ಬಣ್ಣಕ್ಕೆ ಬಣ್ಣ ಜೋಡಿಸಿದರಾಯಿತು ಎಂದುಕೊಂಡೆ. ಆದರೆ ಆ ಕಂಟ್ರೋಲರ್ ಹಿಂದೊಮ್ಮೆ ಬದಲಾದದ್ದು, ಅದರ ಬಣ್ಣದ ಕ್ರಮವೇ ಬೇರೆ.

ಮೂರು ತಂತಿಯನ್ನು ಆರು ರೀತಿಯಲ್ಲಿ ಸೇರಿಸಬಹುದು. ಇನ್ನು ಮೂರನ್ನು ಆರು ರೀತಿಯಲ್ಲಿ. ಒಟ್ಟು 36. ಅದರಲ್ಲಿ ಚಕ್ರ ನುಣ್ಣಗೆ ತಿರುಗುವುದು ಆರರಲ್ಲಿ ಮಾತ್ರ. ಆ ಆರರಲ್ಲೂ ಮೂರು ಮುಂದಕ್ಕೆ, ಮೂರು ಹಿಂದಕ್ಕೆ. ಗುಬ್ಬಿ ಗೇಟಿನ ಮೆಕ್ಯಾನಿಕ್ ಅಣ್ಣನಿಗೆ ಫೋನ್ ಮಾಡಿದೆ. ಅವನು ಹೊಟ್ಟೆ ತುಂಬ ನಕ್ಕು, ‘ಸಣ್ಣ ತಂತಿ ಮುಟ್ಬೇಡಿ. ಮೊದ್ಲು ದಪ್ಪದ್ದು ಮೂರನ್ನ ಅದಲು ಬದಲು ಮಾಡ್ತಾ ಹೋಗಿ. ಒಂದೊಂದಕ್ಕೂ ಕರೆಂಟ್ ಎಷ್ಟು ತಿಂತದೆ ಬರ್ಕೊಳ್ಳಿ. ತಿರುಗ್ತು ಅಂತ ಖುಷಿ ಪಡ್ಬೇಡಿ’ ಎಂದ.

ಆ ಕೊನೆಯ ಮಾತೇ ನಮ್ಮನ್ನು ಕಾಪಾಡಿತು. ಎರಡನೆಯ ಜೋಡಣೆಯಲ್ಲಿ ಚಕ್ರ ಮುಂದಕ್ಕೇ ತಿರುಗಿತು. ನಾವು ಕುಣಿದೆವು. ಆದರೆ ಮೀಟರ್ ನೋಡಿದರೆ ಭಾರವೇ ಇಲ್ಲದ ಚಕ್ರಕ್ಕೆ ಆರು ಆಂಪಿಯರ್. ಹಾಗೇ ಕೊಟ್ಟಿದ್ದರೆ ವಾರದಲ್ಲಿ ಮೋಟರ್ ಸುಟ್ಟುಹೋಗುತ್ತಿತ್ತು. ಐದನೆಯದರಲ್ಲಿ ನುಣ್ಣಗೆ ತಿರುಗಿತು, ಆದರೆ ಹಿಂದಕ್ಕೆ. ಎರಡು ಸಣ್ಣ ತಂತಿ ಅದಲು ಬದಲು ಮಾಡಿ ಮತ್ತೆ ಮೊದಲಿನಿಂದ ಶುರು. ಒಟ್ಟು ಒಂಬತ್ತನೆಯ ಪ್ರಯತ್ನದಲ್ಲಿ ಚಕ್ರ ಸದ್ದಿಲ್ಲದೆ ಮುಂದಕ್ಕೆ ತಿರುಗಿತು. ಮೀಟರ್‌ನಲ್ಲಿ ಒಂದು ಆಂಪಿಯರ್ ಚಿಲ್ಲರೆ. ಸಂಜೆ ಏಳಾಗಿತ್ತು. ಯಾರೂ ಕುಣಿಯಲಿಲ್ಲ. ಎಲ್ಲರೂ ಸುಮ್ಮನೆ ಚಕ್ರ ನೋಡುತ್ತ ಕೂತೆವು.

ಬ್ಯಾಟರಿ ಪೆಟ್ಟಿಗೆಗೆ ಹೊಸ ರಬ್ಬರ್, ಸುತ್ತ ಸಿಲಿಕೋನ್, ಹಲಗೆಯ ಮೇಲೆ ಅಂಚು ಎತ್ತರವಿರುವ ಪ್ಲಾಸ್ಟಿಕ್ ಟ್ರೇ, ಹಿಂದಿನ ಚಕ್ರಕ್ಕೆ ನಾರು ಸುತ್ತಿಕೊಳ್ಳದಂತೆ ತಗಡಿನ ಮರೆ. ಎಲ್ಲ ಸೇರಿ 640 ರೂಪಾಯಿ. ದೀಪಾವಳಿಗೆ ಮೂರು ದಿನ ಮೊದಲು ಗಾಡಿ ಮನೆ ಸೇರಿತು. ಈಗ ಒಂದು ಚಾರ್ಜಿಗೆ ನಲವತ್ತು ಕಿಲೊಮೀಟರ್ ಕೊಡುತ್ತದೆ. ಸೆಲ್‌ಗಳಿಗೆ ವಯಸ್ಸಾಗಿದೆ, ಅದನ್ನು ನಾವು ಸರಿಮಾಡಲಾರೆವು.

‘ಇದರಲ್ಲಿ ಹೊಸದೇನಿದೆ?’

ವೈವಾದಲ್ಲಿ ಪರೀಕ್ಷಕರು ಕೇಳಿದ ಮೊದಲ ಪ್ರಶ್ನೆ ಇದು. ‘ಹೊಸದೇನೂ ಇಲ್ಲ ಸರ್. ಹಳೆಯದು ಯಾಕೆ ನಿಂತಿತು ಅಂತ ಹುಡುಕಿದೆವು’ ಎಂದೆವು. ಅವರು ಗೆಳತಿಯ ನೋಟ್‌ಬುಕ್ ಕೇಳಿ ತೆಗೆದುಕೊಂಡರು. ಸೀಮೆಎಣ್ಣೆಯ ಕಲೆಯಿದ್ದ ಅದನ್ನು ಹಾಳೆ ಹಾಳೆ ತಿರುವಿ, 1.90 ಮತ್ತು 4.68 ಇದ್ದ ಪುಟದಲ್ಲಿ ನಿಂತು ಅರ್ಧ ಗಂಟೆ ಪ್ರಶ್ನೆ ಕೇಳಿದರು. ಅತಿ ಹೆಚ್ಚು ಅಂಕ ನಮಗೇನೂ ಬರಲಿಲ್ಲ. ಆದರೆ ಒಂದು ಪ್ರಶ್ನೆಗೂ ಬಾಯಿಪಾಠದ ಉತ್ತರ ಕೊಡಲಿಲ್ಲ. ಮುಂದೆ ಗುಬ್ಬಿ ಗೆಳೆಯನಿಗೆ ವಸಂತನರಸಾಪುರದ ಕಾರ್ಖಾನೆಯೊಂದರ ಸಂದರ್ಶನದಲ್ಲಿ ‘ಪ್ರಾಜೆಕ್ಟ್‌ನಲ್ಲಿ ಏನು ತಪ್ಪಾಯಿತು?’ ಎಂದು ಕೇಳಿದರಂತೆ. ಉದುರಿದ ಟೇಪ್‌ನ ಕತೆ ಹೇಳಿದ. ತಪ್ಪು ನನ್ನದು, ಟ್ರೈನಿ ಕೆಲಸ ಅವನದು!

ಬೆಂಗಳೂರಿನಲ್ಲಿ ರೇವಾ ಎಲೆಕ್ಟ್ರಿಕ್ ಕಾರು ರಸ್ತೆಗಿಳಿದದ್ದು 2001ರಲ್ಲಿ. ಎಲೆಕ್ಟ್ರಿಕ್ ವಾಹನಗಳಿಗೆಂದೇ ನೀತಿ ತಂದ ಮೊದಲ ರಾಜ್ಯ ನಮ್ಮದು, 2017ರಲ್ಲಿ. ಮರುವರ್ಷ ಬೆಂಗಳೂರಿನದೇ ಏಥರ್ ಕಂಪನಿ ತನ್ನ 450 ಸ್ಕೂಟರ್ ಮಾರಲು ಶುರು ಮಾಡಿತು. ತಯಾರಿಸುವುದರಲ್ಲಿ ನಾವು ಮುಂದಿದ್ದೇವೆ, ಸರಿ. ಆದರೆ ಊರೂರಿನಲ್ಲಿ ಹೀಗೆ ನಿಂತುಹೋದ ಗಾಡಿಗಳನ್ನು ರಿಪೇರಿ ಮಾಡುವವರು ಯಾರು? ‘ರಿಪೇರಿಯ ಹಕ್ಕು’ ಕುರಿತ ಪೋರ್ಟಲನ್ನು ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ತೆರೆದಿದೆ. ಐಟಿಐಗಳಲ್ಲಿ ಎಲೆಕ್ಟ್ರಿಕ್ ವಾಹನ ಮೆಕ್ಯಾನಿಕ್ ಕೋರ್ಸ್ ಬಂದಿದೆ. ಕೆಲಸ ಹುಡುಕುತ್ತಿರುವ ಗೆಳೆಯರೇ, ಇಡೀ ಬ್ಯಾಟರಿ ಬದಲಿಸಿ ಎನ್ನುವವರು ಬಹಳ ಜನ ಸಿಗುತ್ತಾರೆ. ಯಾವ ತಂತಿ ಕೆಟ್ಟಿದೆ ಎಂದು ಹೇಳುವವರಿಗೆ ಗುಬ್ಬಿ ಗೇಟಿನಲ್ಲೂ ಕೆಲಸವಿದೆ, ಕಾರ್ಖಾನೆಯಲ್ಲೂ ಇದೆ.

ನಮ್ಮಂತೆ ಬಿಚ್ಚಲು ಹೊರಟ ಜೂನಿಯರ್‌ಗಳಿಗೆ ನಾಲ್ಕು ಮಾತು. ಲಿಥಿಯಂ ಬ್ಯಾಟರಿಯನ್ನು ಮನೆಯಲ್ಲಿ, ಗೊತ್ತಿರುವವರು ಜತೆಗಿಲ್ಲದೆ ತೆರೆಯಬೇಡಿ. ಗುರುತು ಹಾಕುವ ಟೇಪ್ ಎಣ್ಣೆಗೆ ಉದುರುತ್ತದೆಯೇ ಎಂದು ಮೊದಲೇ ನೋಡಿ. ಫೋಟೊ ತೆಗೆದ ಕೂಡಲೇ ದೊಡ್ಡದು ಮಾಡಿ ನೋಡಿ. ಮತ್ತು ಸಿಕ್ಕಿದ್ದನ್ನೆಲ್ಲ ಬರೆದಿಡಿ, ಹೂವಿನ ಎಸಳನ್ನೂ.

ಮೊನ್ನೆ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಅಂಗಳದಲ್ಲಿ ಅವರ ಗಾಡಿಯ ಪಕ್ಕ ಇನ್ನೊಂದು ಸ್ಕೂಟರ್ ಪ್ಲಾಸ್ಟಿಕ್ ಹೊದ್ದು ನಿಂತಿತ್ತು. ‘ಪಕ್ಕದ್ಮನೆಯವರದು. ನೀವು ಮಾಡ್ಕೊಡ್ತೀರಿ ಅಂದಿದ್ದೀನಿ’ ಎಂದರು. ನಾನು ಹೊದಿಕೆ ಸರಿಸುವಷ್ಟರಲ್ಲಿ ಒಳಗಿಂದ ಮತ್ತೆ ಕೂಗಿದರು: ‘ನನ್ನ ಗಾಡಿ ಮಾತ್ರ ಮುಟ್ಬೇಡ ಕಣೋ!’